ಜಿದ್ದು ಅಂಕಣದಲ್ಲಿರಲಿ, ಅಭ್ಯಾಸ ಜೊತೆಗಿರಲಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಜಾತ್ರೆ ಬಂತೆಂದರೆ ಕಬಡ್ಡಿಯೂ ಬಂತು. ಮಣ್ಣು ಹದ ಮಾಡಿ, ಗೆರೆ ಎಳೆದು, ರಾತ್ರಿ ದೀಪ ಹಾಕಿ ಆಡುವ ಈ ಪಂದ್ಯಗಳಲ್ಲಿ ಊರಿನ ಮಾನವೇ ಪಣಕ್ಕಿದ್ದಂತೆ ಸೆಣಸುತ್ತೇವೆ. ಜಿದ್ದಿಲ್ಲದ ಆಟ ಉಪ್ಪಿಲ್ಲದ ಅಡುಗೆಯಂತೆ. ಆದರೆ ಆ ಜಿದ್ದು ಆಟ ಮುಗಿದ ಮೇಲೂ ಉಳಿದು, ಒಂದೂರಿನ ಹುಡುಗರು ಇನ್ನೊಂದೂರಿನವರ ಜೊತೆ ಅಭ್ಯಾಸಕ್ಕೂ ನಿಲ್ಲದಂತಾದರೆ ನಷ್ಟ ಯಾರಿಗೆ?

ನಾನು ಜೇವರ್ಗಿ ತಾಲ್ಲೂಕಿನ ಸಣ್ಣ ಊರಿನವನು. ನಮ್ಮಲ್ಲಿ ಚೆನ್ನಾಗಿ ಆಡುವವರು ಒಂಬತ್ತೇ ಜನ. ಏಳು ಜನ ಹಿಡಿಯಲು ನಿಂತರೆ ರೈಡಿಂಗ್‌ಗೆ ಉಳಿಯುವವರು ಇಬ್ಬರು. ಅವರಿಬ್ಬರ ಕಾಲಿನ ಚಲನೆ ನಮಗೆಲ್ಲ ಬಾಯಿಪಾಠ. ಗೊತ್ತಿರುವ ಕಾಲನ್ನೇ ಹಿಡಿದು ಹಿಡಿದು ನಾವು ಕಲಿಯುವುದೇನು? ಹಾಗಾಗಿ ಜಾತ್ರೆಯಲ್ಲಿ ನಮ್ಮನ್ನು 19 ಅಂಕಗಳಿಂದ ಸೋಲಿಸಿದ್ದ ಅಫಜಲಪುರ ತಾಲ್ಲೂಕಿನ ತಂಡವನ್ನೇ ಭಾನುವಾರದ ಅಭ್ಯಾಸಕ್ಕೆ ಕರೆದೆವು. ಅವರು ಬಂದರು. ಅವರ ರೈಡರ್‌ನ ಟೋ ಟಚ್ ನಮಗೆ ತಿಳಿಯಿತು, ನಮ್ಮ ಆಂಕಲ್ ಹೋಲ್ಡ್ ಅವರಿಗೆ ತಿಳಿಯಿತು.

ಊರಿನ ಹಿರಿಯರೊಬ್ಬರು ಕೇಳಿದರು: ‘ನಿಮ್ಮ ಪಟ್ಟು ಅವರಿಗ್ಯಾಕ ಕಲಸ್ತೀರೋ? ನಾಳೆ ನಿಮ್ಮನ್ನೇ ಕೆಡವತಾರ.’

ಈ ಮಾತನ್ನು ತಳ್ಳಿಹಾಕುವಂತಿಲ್ಲ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನಲ್ಲಿ ಇರಾನಿನ ಆಟಗಾರರು ನಮ್ಮವರ ಜೊತೆಗೇ ಆಡಿ ಬೆಳೆದರು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27–18ರಿಂದ ಸೋಲಿಸಿತು. 1990ರಿಂದ ಪ್ರತಿ ಬಾರಿಯೂ ಚಿನ್ನ ಗೆದ್ದಿದ್ದ ತಂಡಕ್ಕೆ ಅದು ದೊಡ್ಡ ಪೆಟ್ಟು. ಮಹಿಳೆಯರ ಫೈನಲ್‌ನಲ್ಲೂ ಇರಾನ್ 27–24ರಿಂದ ಗೆದ್ದಿತು. ಆ ತಂಡದ ಕೋಚ್ ನಮ್ಮ ಪಕ್ಕದ ಮಹಾರಾಷ್ಟ್ರದ ಶೈಲಜಾ ಜೈನ್.

ಹಾಗೆಂದು ಲೀಗ್‌ನ ಬಾಗಿಲು ಮುಚ್ಚಲಿಲ್ಲ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಅದೇ ಇರಾನನ್ನು 33–29ರಿಂದ ಮಣಿಸಿ ಭಾರತ ಚಿನ್ನ ಮರಳಿ ಪಡೆಯಿತು. ಕೆಲವೇ ದಿನಗಳಲ್ಲಿ ನಡೆದ ಹರಾಜಿನಲ್ಲಿ ಪುಣೇರಿ ಪಲ್ಟನ್ ಇರಾನಿನ ಶಾದ್ಲೂಯಿಯನ್ನು 2.35 ಕೋಟಿ ರೂಪಾಯಿಗೆ ಕೊಂಡಿತು. ಭಾರತ ತಂಡದಲ್ಲಿದ್ದ ಅಸ್ಲಂ ಇನಾಮದಾರ್ ಆ ತಂಡದ ನಾಯಕ. ಎದುರಾಳಿ ದೇಶಗಳ ಆ ಇಬ್ಬರೂ ಸೇರಿ ಪುಣೆಗೆ ಮೊದಲ ಪ್ರಶಸ್ತಿ ತಂದುಕೊಟ್ಟರು. ಕಲಿಸಿದ್ದರಿಂದ ಒಮ್ಮೆ ಸೋತೆವು ನಿಜ; ಆದರೆ ಬಲಿಷ್ಠ ಎದುರಾಳಿಯನ್ನು ಗೆದ್ದ ಚಿನ್ನದ ತೂಕವೇ ಬೇರೆ.

ನಮ್ಮ ಬೆಂಗಳೂರಿನಲ್ಲೂ ಇಂಥದ್ದೇ ನಡೆಯಿತು. 2025ರ ಜುಲೈ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ತಮ್ಮ ಹೆಸರಿನ ಜಾವೆಲಿನ್ ಕೂಟಕ್ಕೆ ಕೆನ್ಯಾದ ಜೂಲಿಯಸ್ ಯೆಗೊ, ಜರ್ಮನಿಯ ಥಾಮಸ್ ರೋಹ್ಲರ್ ಅವರಂಥ ಎದುರಾಳಿಗಳನ್ನೇ ಕರೆಸಿದರು. 86.18 ಮೀಟರ್ ಎಸೆದು ತಾವೇ ಗೆದ್ದರು. ಅತಿಥಿ ದುರ್ಬಲನಾಗಿರಲಿ ಎಂದು ಅವರು ಬಯಸಲಿಲ್ಲ.

ನಮ್ಮ ಮೂರು ತಾಲ್ಲೂಕುಗಳಿಗೆ ಇದು ಇನ್ನೂ ಮುಖ್ಯ. ಜಿಲ್ಲಾ ತಂಡದ ಆಯ್ಕೆಯಾದಾಗ ಆಳಂದದ ಕಾರ್ನರ್ ಮತ್ತು ಅಫಜಲಪುರದ ಕವರ್ ಕೈಕೈ ಹಿಡಿದು ಚೈನ್ ಕಟ್ಟಬೇಕಾಗುತ್ತದೆ. ಒಬ್ಬ ಯಾವಾಗ ಮುನ್ನುಗ್ಗುತ್ತಾನೆ ಎಂಬುದು ಇನ್ನೊಬ್ಬನಿಗೆ ಬೆರಳಿನ ಬಿಗಿಯಿಂದಲೇ ತಿಳಿಯಬೇಕು. ಜಾತ್ರೆಯಲ್ಲಿ ಜಗಳವಾಡಿ ಮಾತು ಬಿಟ್ಟವರ ಕೈಯಲ್ಲಿ ಆ ಬಿಗಿ ಎಲ್ಲಿಂದ ಬರಬೇಕು? ಅಂಥ ಚೈನನ್ನು ಬೇರೆ ಜಿಲ್ಲೆಯ ರೈಡರ್ ಸುಲಭವಾಗಿ ಮುರಿಯುತ್ತಾನೆ.

ಇದಕ್ಕೆ ದೊಡ್ಡ ಖರ್ಚಿನ ಯೋಜನೆ ಬೇಕಿಲ್ಲ. ತೊಗರಿ ರಾಶಿ ಮುಗಿದ ಮೇಲೆ ತಿಂಗಳಿಗೊಂದು ಭಾನುವಾರ, ಒಮ್ಮೆ ಆಳಂದ, ಒಮ್ಮೆ ಅಫಜಲಪುರ, ಒಮ್ಮೆ ಜೇವರ್ಗಿಯ ಶಾಲಾ ಮೈದಾನದಲ್ಲಿ ಸೇರೋಣ. ಕಪ್ಪು, ಬಹುಮಾನ ಬೇಡ. ದೈಹಿಕ ಶಿಕ್ಷಣ ಶಿಕ್ಷಕರು ತೀರ್ಪುಗಾರರಾಗಲಿ. ಮ್ಯಾಟ್ ಇದ್ದವರು ಇಲ್ಲದವರಿಗೂ ಅದರ ಮೇಲೆ ಆಡಲು ಕೊಡಲಿ. ಮಣ್ಣಿನಲ್ಲಷ್ಟೇ ಆಡಿದ ಕಾಲು ಮ್ಯಾಟಿನ ಮೇಲೆ ತಡವರಿಸುತ್ತದೆ. ಹುಡುಗಿಯರಿಗಂತೂ ಇದು ತೀರಾ ಅಗತ್ಯ. ಎಷ್ಟೋ ಊರುಗಳಲ್ಲಿ ಆಡಲು ಏಳು ಹುಡುಗಿಯರು ಸಿಗುವುದೇ ಕಷ್ಟ.

ಈ ವರ್ಷದ ಜಾತ್ರೆಯಲ್ಲಿ ನಾವು ಅದೇ ತಂಡದ ಎದುರು ಮತ್ತೆ ಸೋತೆವು. ಆದರೆ ಅಂತರ ನಾಲ್ಕೇ ಅಂಕ. ಈ ಸಲದ ಪಂದ್ಯ ನಮಗಿಂತ ಕಠಿಣವಾಗಿತ್ತೆಂದು ಗೆದ್ದವರೇ ಹೇಳಿದರು. ಎದುರಾಳಿಯನ್ನು ದೂರ ಇಟ್ಟರೆ ಇಬ್ಬರೂ ಇದ್ದಲ್ಲೇ ಉಳಿಯುತ್ತೇವೆ. ಹತ್ತಿರ ಕರೆದರೆ ಮೊದಲು ಅಭ್ಯಾಸದಲ್ಲಿ ಬೀಳುತ್ತೇವೆ, ಆಮೇಲೆ ಇಬ್ಬರೂ ಏಳುತ್ತೇವೆ.