ಇಡದೆ ಬಿಟ್ಟ ಹೆಜ್ಜೆ

ಉನ್ನತವಾದ ಪರ್ವತವೊಂದರ ತುದಿಯನ್ನು ಮಾನವನು ಮುಟ್ಟಿದಾಗಲೆಲ್ಲ ಅದನ್ನು 'ಶಿಖರ ವಿಜಯ'ವೆಂದು ಕರೆಯುವುದು ವಾಡಿಕೆಯಾಗಿದೆ. ಪರ್ವತವು ಮಾನವನ ಸಾಹಸಕ್ಕೆ ಮಣಿಯಿತೆಂದೂ ಅದರ ಗರ್ವಭಂಗವಾಯಿತೆಂದೂ ಬಣ್ಣಿಸುವುದುಂಟು. ಬಳಸಿ ಬಳಸಿ ಸವೆದುಹೋಗಿರುವ ಈ ಮಾತಿನಲ್ಲಿ ಸತ್ಯಾಂಶವೆಷ್ಟು ಎಂದು ವಿಚಾರಿಸುವವರು ವಿರಳ. ಯುದ್ಧವೆಂದರೆ ಇಬ್ಬರು ಎದುರಾಳಿಗಳಿರಬೇಕು. ಪರ್ವತವಾದರೋ ಯಾರ ಮೇಲೂ ಯುದ್ಧವನ್ನು ಸಾರಿದುದಲ್ಲ. ತನ್ನನ್ನು ಏರಿದವನನ್ನೂ ಏರಲಾರದೆ ಹಿಂದಿರುಗಿದವನನ್ನೂ ಅದು ಅರಿಯದು. ವಾರಗಟ್ಟಲೆ ಪಾಡುಪಟ್ಟು ಮೇಲೇರಿದವನು ತುದಿಯಲ್ಲಿ ನಿಲ್ಲುವುದು ಕೆಲವು ನಿಮಿಷ ಮಾತ್ರ. ಅವನು ಇಳಿದುಹೋದ ಮೇಲೆ ಬೀಸುವ ಮೊದಲನೆಯ ಬಿರುಗಾಳಿಯೇ ಅವನ ಹೆಜ್ಜೆಯ ಗುರುತನ್ನು ಅಳಿಸಿಬಿಡುತ್ತದೆ. ಹಾಗಾದರೆ ಗೆದ್ದವರು ಯಾರು? ಗೆದ್ದುದಾದರೂ ಏನನ್ನು? ಈ ಪ್ರಶ್ನೆಗಳಿಗೆ ಕಾಂಚನಜುಂಗಾ ಪರ್ವತದ ಇತಿಹಾಸದಲ್ಲಿ ಅಪೂರ್ವವಾದೊಂದು ಉತ್ತರವಿದೆ.

ನೇಪಾಳ ಮತ್ತು ಸಿಕ್ಕಿಮ್‌ಗಳ ಗಡಿಯಲ್ಲಿ ತಲೆಯೆತ್ತಿ ನಿಂತಿರುವ ಕಾಂಚನಜುಂಗಾದ ಎತ್ತರ ೮೫೮೬ ಮೀಟರು. ಪ್ರಪಂಚದ ಪರ್ವತಗಳಲ್ಲಿ ಇದು ಮೂರನೆಯದು. ಡಾರ್ಜಿಲಿಂಗ್ ಪಟ್ಟಣದಿಂದ ನೋಡುವವರಿಗೆ ನಿರ್ಮಲವಾದ ಮುಂಜಾನೆಯಲ್ಲಿ ಇದು ಆಕಾಶದಲ್ಲಿ ತೇಲುವಂತೆ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಇದೇ ಜಗತ್ತಿನ ಅತ್ಯುನ್ನತ ಶಿಖರವೆಂಬ ನಂಬಿಕೆಯಿತ್ತು. ದಕ್ಷಿಣ ಭಾರತದಲ್ಲಿ ಆರಂಭವಾಗಿ, ಬೆಂಗಳೂರಿನ ಬಳಿಯೂ ಆಧಾರರೇಖೆಯೊಂದನ್ನು ಅಳೆದು, ಉತ್ತರಾಭಿಮುಖವಾಗಿ ಹಿಮಾಲಯದ ತಪ್ಪಲಿನವರೆಗೂ ಸಾಗಿದ ಮಹಾ ತ್ರಿಕೋನಮಿತಿ ಮೋಜಣಿಯ ಲೆಕ್ಕಾಚಾರಗಳು ಆ ನಂಬಿಕೆಯನ್ನು ಬದಲಿಸಿದುವು. ಎವರೆಸ್ಟ್ ಶಿಖರವು ಇದಕ್ಕಿಂತಲೂ ಎತ್ತರವಾದುದೆಂದು ೧೮೫೬ರಲ್ಲಿ ಲೋಕಕ್ಕೆ ಪ್ರಕಟವಾಯಿತು.

ಆದರೆ ಸಿಕ್ಕಿಮ್‌ನ ಜನತೆಗೆ ಅದು ಮೊದಲನೆಯದೋ ಮೂರನೆಯದೋ ಎಂಬುದು ಮುಖ್ಯವಲ್ಲ. ಕಾಂಚನಜುಂಗಾ ಎಂಬ ಹೆಸರಿಗೆ 'ಮಹಾಹಿಮದ ಐದು ನಿಧಿಗಳು' ಎಂದು ಅರ್ಥ. ಆ ನಾಡಿನ ಮೂಲನಿವಾಸಿಗಳಾದ ಲೆಪ್ಚಾ ಜನರು ತಮ್ಮ ಆದಿಪುರುಷನೂ ಆದಿಸ್ತ್ರೀಯೂ ಈ ಪರ್ವತದ ಹಿಮದಿಂದಲೇ ರೂಪುಗೊಂಡರೆಂದು ನಂಬುತ್ತಾರೆ. ಲೆಪ್ಚಾ ಮತ್ತು ಭುಟಿಯಾ ಜನರ ನಡುವೆ ಹಿಂದೆ ನಡೆದ ಭ್ರಾತೃತ್ವದ ಪ್ರತಿಜ್ಞೆಗೆ ಈ ಪರ್ವತದೇವತೆಯೇ ಸಾಕ್ಷಿಯೆಂಬ ಭಾವನೆ ಅಲ್ಲಿದೆ. ಪ್ರತಿವರ್ಷ ಆಚರಿಸುವ ಪಾಂಗ್ ಲ್ಹಾಬ್ಸೋಲ್ ಉತ್ಸವದಲ್ಲಿ ಮುಖವಾಡ ಧರಿಸಿದ ನರ್ತಕರು ಆ ನಾಡಿನ ರಕ್ಷಕದೇವತೆಯನ್ನು ಕುಣಿದು ಕೊಂಡಾಡುತ್ತಾರೆ. ಹೊರಗಿನವನ ಕಣ್ಣಿಗೆ ಬಂಡೆಯೂ ಮಂಜುಗಡ್ಡೆಯೂ ಆಗಿರುವುದು ಆ ಜನರಿಗೆ ಮನೆಯ ಹಿರಿಯನಂತೆ, ಕಾಯುವ ದೈವದಂತೆ ಇದೆ.

ಇಂತಹ ಪರ್ವತದ ಮೇಲೆ ಆರೋಹಿಗಳ ದೃಷ್ಟಿ ಬಿದ್ದುದು ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ. ೧೮೯೯ರಲ್ಲಿ ಡಗ್ಲಸ್ ಫ್ರೆಶ್‌ಫೀಲ್ಡ್ ಎಂಬಾತನು ಪರ್ವತವನ್ನು ಸುತ್ತು ಹಾಕಿ ಅದರ ಎಲ್ಲ ಪಾರ್ಶ್ವಗಳನ್ನೂ ಪರಿಶೀಲಿಸಿದನು. ೧೯೦೫ರಲ್ಲಿ ಏರಲು ಯತ್ನಿಸಿದ ತಂಡದ ಒಬ್ಬ ಆರೋಹಿಯೂ ಮೂವರು ಹೊರೆಯಾಳುಗಳೂ ಹಿಮಕುಸಿತಕ್ಕೆ ಬಲಿಯಾದರು. ೧೯೨೯ ಮತ್ತು ೧೯೩೧ರಲ್ಲಿ ಪಾಲ್ ಬಾವರ್‌ನ ನಾಯಕತ್ವದಲ್ಲಿ ಬಂದ ಜರ್ಮನಿಯ ತಂಡಗಳು ಈಶಾನ್ಯದ ಏಣಿನಲ್ಲಿ ಅದ್ಭುತವಾದ ಧೈರ್ಯವನ್ನು ತೋರಿಯೂ ಹಿಂದಿರುಗಬೇಕಾಯಿತು. ಅಷ್ಟು ಎತ್ತರದಲ್ಲಿ ಆರೋಹಿಗೆ ಎದುರಾಗುವುದು ಕಡಿದಾದ ಬಂಡೆ ಮಾತ್ರವಲ್ಲ. ಎಂಟು ಸಾವಿರ ಮೀಟರುಗಳ ಮೇಲೆ ಒಂದೊಂದು ಉಸಿರಿಗೆ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರನೆಯ ಒಂದು ಭಾಗದಷ್ಟು. ಹಸಿವು ಅಡಗುತ್ತದೆ, ನಿದ್ರೆ ಬಾರದು, ಬುದ್ಧಿ ಮಸುಳುತ್ತದೆ. ಹತ್ತು ಹೆಜ್ಜೆ ನಡೆದವನು ಹಿಮಗೊಡಲಿಯ ಮೇಲೆ ಒರಗಿ ಏದುಸಿರು ಬಿಡುತ್ತಾನೆ. ದೇಹವು ಅಲ್ಲಿ ಚೇತರಿಸಿಕೊಳ್ಳಲಾರದು, ಗಳಿಗೆ ಗಳಿಗೆಗೂ ಕ್ಷೀಣಿಸುತ್ತ ಹೋಗುತ್ತದೆ. ಆದುದರಿಂದಲೇ ಆರೋಹಿಗಳು ಒಮ್ಮೆಗೇ ಮೇಲೇರುವುದಿಲ್ಲ. ಒಂದೊಂದಾಗಿ ಶಿಬಿರಗಳನ್ನು ಹೂಡುತ್ತ, ಹಗಲಲ್ಲಿ ಏರಿ ರಾತ್ರಿಗೆ ಕೆಳಗಿಳಿದು ಮಲಗುತ್ತ, ವಿರಳವಾದ ವಾಯುವಿಗೆ ಮೈಯನ್ನು ಒಗ್ಗಿಸಿಕೊಳ್ಳುತ್ತಾರೆ.

೧೯೫೫ರಲ್ಲಿ ಬ್ರಿಟಿಷ್ ತಂಡವೊಂದು ನೇಪಾಳದ ಕಡೆಯ ನೈರುತ್ಯ ಪಾರ್ಶ್ವದಿಂದ ಈ ಪರ್ವತವನ್ನೇರಲು ಹೊರಟಿತು. ವೃತ್ತಿಯಿಂದ ಶಸ್ತ್ರವೈದ್ಯನಾಗಿದ್ದ ಚಾರ್ಲ್ಸ್ ಎವಾನ್ಸ್ ಅದರ ನಾಯಕ. ಇವನು ಎರಡು ವರ್ಷಗಳ ಹಿಂದೆ ಎವರೆಸ್ಟ್ ತಂಡದ ಉಪನಾಯಕನಾಗಿದ್ದವನು. ೧೯೫೩ರ ಮೇ ೨೬ರಂದು ಇವನೂ ಟಾಮ್ ಬೋರ್ಡಿಲನ್ ಎಂಬ ಸಂಗಾತಿಯೂ ಎವರೆಸ್ಟಿನ ದಕ್ಷಿಣ ಶಿಖರವನ್ನು ಮುಟ್ಟಿದ್ದರು. ನಿಜವಾದ ತುದಿ ಕಣ್ಣೆದುರಿಗೇ ಇತ್ತು. ಆದರೆ ಹೊತ್ತು ಮೀರಿತ್ತು. ಆಮ್ಲಜನಕದ ಉಪಕರಣವು ತೊಡಕು ಕೊಟ್ಟಿತ್ತು. ಮುಂದೆ ಹೋದರೆ ಜೀವಂತವಾಗಿ ಹಿಂದಿರುಗುವ ಭರವಸೆಯಿಲ್ಲವೆಂದು ಕಂಡು ಇಬ್ಬರೂ ಕೆಳಗಿಳಿದರು. ಮೂರು ದಿನಗಳ ತರುವಾಯ ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಆ ತುದಿಯಲ್ಲಿ ನಿಂತರು. ಲೋಕವು ಅವರ ಹೆಸರುಗಳನ್ನು ನೆನಪಿನಲ್ಲಿಟ್ಟುಕೊಂಡಿತು. ಎವಾನ್ಸ್‌ನ ಹೆಸರನ್ನು ಅರಿತವರು ಸ್ವಲ್ಪಮಂದಿ.

ಕಾಂಚನಜುಂಗಾದ ಆರೋಹಣಕ್ಕೆ ನೇಪಾಳದ ಅನುಮತಿ ದೊರೆತಿತ್ತು. ಆದರೆ ಪವಿತ್ರ ಪರ್ವತವನ್ನು ಪರಕೀಯರು ತುಳಿಯುವುದು ಸಿಕ್ಕಿಮ್‌ಗೆ ಸಮ್ಮತವಾಗಿರಲಿಲ್ಲ. ಎವಾನ್ಸ್ ಈ ಆಕ್ಷೇಪವನ್ನು ತಳ್ಳಿಹಾಕಬಹುದಾಗಿತ್ತು. ಅವನ ಮಾರ್ಗವು ಸಿಕ್ಕಿಮ್‌ನ ನೆಲದಲ್ಲಿ ಹಾದುಹೋಗುತ್ತಿರಲಿಲ್ಲ. ಆದರೂ ಅವನು ಅಲ್ಲಿನ ಅಧಿಕಾರಿಗಳೊಡನೆ ಮಾತುಕತೆ ನಡೆಸಿ, ತುದಿಗೆ ದಾರಿಯಿದೆಯೆಂಬುದು ಖಚಿತವಾಗುವವರೆಗೆ ಮಾತ್ರ ಏರುವುದಾಗಿಯೂ ಶಿಖರಾಗ್ರವನ್ನು ಮುಟ್ಟದೆ ಬಿಡುವುದಾಗಿಯೂ ವಚನವಿತ್ತನು.

ಮೇ ೨೫ರಂದು ಆ ವಚನದ ಪರೀಕ್ಷೆ ನಡೆಯಿತು. ಎಂಟು ಸಾವಿರ ಮೀಟರಿಗೂ ಮೇಲಿದ್ದ ಕಟ್ಟಕಡೆಯ ಶಿಬಿರದ ಇಕ್ಕಟ್ಟಾದ ಗುಡಾರದಲ್ಲಿ ರಾತ್ರಿ ಕಳೆದ ಜಾರ್ಜ್ ಬ್ಯಾಂಡ್ ಮತ್ತು ಜೋ ಬ್ರೌನ್ ಬೆಳಗ್ಗೆ ಹೊರಟರು. ದಾರಿ ತಪ್ಪಿದ್ದರಿಂದ ಅಮೂಲ್ಯವಾದ ಕಾಲವು ವ್ಯರ್ಥವಾಯಿತು. ಮಧ್ಯಾಹ್ನ ಕಳೆದ ಮೇಲೆ ಶಿಖರದ ಕೆಳಗಡೆಯೇ ನೆಟ್ಟನೆಯ ಬಂಡೆಯೊಂದು ಅಡ್ಡವಾಯಿತು. ಬ್ರೌನ್ ಆಮ್ಲಜನಕದ ಹರಿವನ್ನು ಹೆಚ್ಚಿಸಿಕೊಂಡು ಬಂಡೆಯ ಬಿರುಕಿನಲ್ಲಿ ಕೈಕಾಲುಗಳನ್ನು ಊರುತ್ತ ಅದನ್ನು ಹತ್ತಿದನು. ಬ್ಯಾಂಡ್ ಹಗ್ಗದ ನೆರವಿನಿಂದ ಹಿಂಬಾಲಿಸಿದನು. ಮೇಲೆ ಬಂದು ನೋಡಿದರೆ ಹಿಮದ ಶಿಖರಾಗ್ರವು ಕೆಲವೇ ಅಡಿಗಳಾಚೆ ಇದ್ದಿತು. ಇನ್ನು ಯಾವ ಅಡಚಣೆಯೂ ಇರಲಿಲ್ಲ. ಮಗುವೂ ನಡೆದುಹೋಗಬಹುದಾದಷ್ಟು ದೂರ. ಅವರಿಬ್ಬರೂ ಅಲ್ಲಿಯೇ ನಿಂತರು. ಸುತ್ತಲಿನ ದೃಶ್ಯವನ್ನು ಕಣ್ತುಂಬ ನೋಡಿ, ಆ ಹಿಮವನ್ನು ತುಳಿಯದೆ ಹಿಂದಿರುಗಿದರು. ಮರುದಿನ ನಾರ್ಮನ್ ಹಾರ್ಡಿ ಮತ್ತು ಟೋನಿ ಸ್ಟ್ರೀದರ್ ಇನ್ನೊಂದು ಸುಲಭವಾದ ದಾರಿಯನ್ನು ಹುಡುಕಿ ಅಲ್ಲಿಗೆ ಏರಿಬಂದರು. ಅವರೂ ಅಲ್ಲಿಯೇ ನಿಂತರು.

ಅಲ್ಲಿ ಅವರನ್ನು ನೋಡುವವರು ಯಾರೂ ಇರಲಿಲ್ಲ. ಹತ್ತು ಹೆಜ್ಜೆ ಮುಂದಿಟ್ಟು ಬಂದು, ಇಡಲಿಲ್ಲವೆಂದು ಹೇಳಿದ್ದರೆ ಅದನ್ನು ಅಲ್ಲಗಳೆಯುವ ಸಾಕ್ಷಿಯೂ ಇರಲಿಲ್ಲ. ಬಂಡೆಯನ್ನು ಏರಿದುದು ತೋಳಿನ ಬಲ. ಏರಿದ ಮೇಲೆ ನಿಂತುದು ಮನಸ್ಸಿನ ಬಲ. ಇವೆರಡರಲ್ಲಿ ಎರಡನೆಯದೇ ದುರ್ಲಭವಾದುದು.

ಈ ನಡತೆಯನ್ನು ಒಪ್ಪದವರೂ ಇದ್ದಾರೆ. ಪರ್ವತದಲ್ಲಿ ದೇವತೆಯಿದ್ದಾಳೆಂಬುದು ಮೂಢನಂಬಿಕೆ; ಅದಕ್ಕೆ ತಲೆಬಾಗುವುದು ವಿಜ್ಞಾನಯುಗಕ್ಕೆ ಒಪ್ಪುವುದಿಲ್ಲ ಎಂಬುದು ಅವರ ವಾದ. ಆದರೆ ಎವಾನ್ಸ್‌ನಾಗಲಿ ಅವನ ಸಂಗಾತಿಗಳಾಗಲಿ ಆ ನಂಬಿಕೆಯನ್ನು ತಮ್ಮದನ್ನಾಗಿ ಮಾಡಿಕೊಳ್ಳಬೇಕಾಗಿರಲಿಲ್ಲ. ಪರರ ಮನೆಗೆ ಹೋದವನು ಹೊಸ್ತಿಲಾಚೆ ಪಾದರಕ್ಷೆಗಳನ್ನು ಬಿಡುವುದು ಆ ಮನೆಯ ದೇವರನ್ನು ತಾನು ನಂಬುತ್ತಾನೆಂದಲ್ಲ. ಆ ಮನೆಯವರನ್ನು ಗೌರವಿಸುತ್ತಾನೆಂದು. ಶಿಖರದ ಕೊನೆಯ ಐದಾರು ಅಡಿಗಳಿಂದ ವಿಜ್ಞಾನಕ್ಕೆ ದೊರೆಯಬೇಕಾದ ಹೊಸ ಅರಿವು ಯಾವುದೂ ಇರಲಿಲ್ಲ. ದೊರೆಯಬಹುದಾಗಿದ್ದುದು ಹೆಮ್ಮೆ ಮಾತ್ರ. ಅವರು ತ್ಯಜಿಸಿದುದು ಅದನ್ನೇ.

ಇನ್ನೊಂದು ಆಕ್ಷೇಪವು ಇದಕ್ಕಿಂತಲೂ ಬಲವಾದುದು. ನಿಜವಾದ ಗೌರವವಿದ್ದಿದ್ದರೆ ಪರ್ವತದ ಬುಡದಲ್ಲಿಯೇ ನಿಲ್ಲಬೇಕಾಗಿತ್ತು. ತಲೆಯ ಸಮೀಪದವರೆಗೂ ತುಳಿದು ಹೋಗಿ ನೆತ್ತಿಯನ್ನು ಮಾತ್ರ ಬಿಡುವುದು ಎಂತಹ ಭಕ್ತಿ ಎಂದು ಕೇಳಬಹುದು. ಈ ಪ್ರಶ್ನೆಯಲ್ಲಿ ನ್ಯಾಯವಿಲ್ಲದಿಲ್ಲ. ೧೯೫೫ರಲ್ಲಿ ನಡೆದುದು ಪೂರ್ಣವಾದ ಶರಣಾಗತಿಯಲ್ಲ. ಏರಬಯಸುವವರ ಹಂಬಲಕ್ಕೂ ಪೂಜಿಸುವವರ ಭಾವನೆಗೂ ನಡುವೆ ಏರ್ಪಟ್ಟ ಒಂದು ಒಪ್ಪಂದ. ಆದರೆ ಭಿನ್ನವಾದ ಎರಡು ಜೀವನದೃಷ್ಟಿಗಳು ಎದುರುಬದುರಾದಾಗ, ಬಲವುಳ್ಳವನು ತನ್ನ ಇಷ್ಟವನ್ನೇ ಸಾಧಿಸಿಕೊಳ್ಳದೆ ಏನನ್ನಾದರೂ ಬಿಟ್ಟುಕೊಡುವುದೇ ಸಹಬಾಳ್ವೆಯ ಮೊದಲ ಪಾಠ. ಬಿಟ್ಟುಕೊಟ್ಟುದು ಅಲ್ಪವೆಂದು ತೋರಬಹುದು. ಆರೋಹಿಯ ಪಾಲಿಗೆ ಮಾತ್ರ ಅದೇ ಸರ್ವಸ್ವವಾಗಿತ್ತು.

ಅವರು ಹಾಕಿದ ಮೇಲ್ಪಂಕ್ತಿಯು ವ್ಯರ್ಥವಾಗಲಿಲ್ಲ. ೧೯೭೭ರಲ್ಲಿ ಕರ್ನಲ್ ನರೇಂದ್ರ ಕುಮಾರ್ ಅವರ ನಾಯಕತ್ವದ ಭಾರತೀಯ ಸೇನಾ ತಂಡವು, ಹಿಂದೆ ಜರ್ಮನರನ್ನು ಎರಡು ಬಾರಿ ಹಿಮ್ಮೆಟ್ಟಿಸಿದ್ದ ಈಶಾನ್ಯದ ಏಣಿನಿಂದಲೇ ಪರ್ವತವನ್ನೇರಿತು. ಮೇ ೩೧ರಂದು ಮೇಜರ್ ಪ್ರೇಮ್‌ಚಂದ್ ಮತ್ತು ನಾಯಕ್ ನಿಮಾ ದೋರ್ಜೆ ಶೆರ್ಪಾ ಅವರೂ ತುದಿಯನ್ನು ತುಳಿಯದೆ ಕೆಳಗೆ ನಿಂತು ಆ ಸಂಪ್ರದಾಯವನ್ನು ಕಾಪಾಡಿದರು. ನೇಪಾಳದ ಮಚ್ಛಪುಚ್ಛ್ರೇ ಶಿಖರದಿಂದಲೂ ೧೯೫೭ರಲ್ಲಿ ಆರೋಹಿಗಳು ತುದಿಗೆ ಸ್ವಲ್ಪ ಕೆಳಗಿನಿಂದಲೇ ಹಿಂದಿರುಗಿದರು. ಭೂತಾನವು ೧೯೯೪ರಲ್ಲಿ ತನ್ನ ಆರು ಸಾವಿರ ಮೀಟರಿಗೂ ಮಿಗಿಲಾದ ಪರ್ವತಗಳ ಆರೋಹಣವನ್ನು ನಿಷೇಧಿಸಿ, ೨೦೦೩ರಲ್ಲಿ ಪರ್ವತಾರೋಹಣವನ್ನೇ ಸಂಪೂರ್ಣವಾಗಿ ನಿಲ್ಲಿಸಿತು. ಕೈಲಾಸವನ್ನಂತೂ ಯಾತ್ರಿಕರು ಪ್ರದಕ್ಷಿಣೆ ಮಾಡುತ್ತಾರೆಯೇ ಹೊರತು ಏರುವುದಿಲ್ಲ. ಕಾಂಚನಜುಂಗಾವನ್ನು ಸಿಕ್ಕಿಮ್‌ನ ಕಡೆಯಿಂದ ಏರುವುದಕ್ಕೂ ತರುವಾಯ ನಿಷೇಧ ಬಂದಿತು. ನೇಪಾಳದ ಕಡೆಯಿಂದ ಆರೋಹಣವು ಮುಂದುವರಿದಿದೆ. ಅಲ್ಲಿ ಏರುವವರೆಲ್ಲರೂ ಹಳೆಯ ವಚನವನ್ನು ಪಾಲಿಸುತ್ತಾರೆಂದು ಹೇಳಲಾಗದು. ಪಾಲಿಸಬೇಕೆಂದು ಬಲಾತ್ಕರಿಸುವ ಕಾವಲುಗಾರನೂ ಅಲ್ಲಿಲ್ಲ. ಇರುವುದು ಆರೋಹಿಯ ಅಂತಃಸಾಕ್ಷಿಯೊಂದೇ.

ಈ ಸಂಯಮದ ಪಕ್ಕದಲ್ಲಿ ಎವರೆಸ್ಟಿನ ಇತ್ತೀಚಿನ ಸ್ಥಿತಿಯನ್ನಿಟ್ಟು ನೋಡಿದರೆ ಅಂತರವು ಸ್ಪಷ್ಟವಾಗುತ್ತದೆ. ಹಣ ತೆತ್ತವರನ್ನು ತುದಿಗೆ ಕರೆದೊಯ್ಯುವುದು ಅಲ್ಲಿ ದೊಡ್ಡ ಉದ್ಯಮವಾಗಿ ಬೆಳೆದಿದೆ. ೨೦೧೯ರ ಮೇ ತಿಂಗಳಲ್ಲಿ ಶಿಖರದ ಕೆಳಗಿನ ಕಿರಿದಾದ ಏಣಿನ ಮೇಲೆ ನೂರಾರು ಜನ ಒಬ್ಬರ ಹಿಂದೊಬ್ಬರು ಸಾಲುಗಟ್ಟಿ ನಿಂತ ಚಿತ್ರವನ್ನು ಕಂಡು ಜಗತ್ತು ಬೆರಗಾಯಿತು. ಅಂತಹ ಎತ್ತರದಲ್ಲಿ ಕಾಯುತ್ತ ನಿಲ್ಲುವುದೆಂದರೆ ಉಸಿರನ್ನೇ ವೆಚ್ಚ ಮಾಡುತ್ತ ನಿಂತಂತೆ. ಅಲ್ಲಿ ಇದುವರೆಗೆ ಮುನ್ನೂರಕ್ಕೂ ಮಿಕ್ಕು ಜನರು ಮಡಿದಿದ್ದಾರೆ. ಏರುವವರ ಹೊರೆಯನ್ನು ಹೊತ್ತು, ಹಗ್ಗ ಕಟ್ಟಿ, ದಾರಿ ಸವೆಸುವವರು ಶೆರ್ಪಾ ಜನರು. ೨೦೧೪ರ ಏಪ್ರಿಲ್ ೧೮ರಂದು ಖುಂಬು ಹಿಮಪ್ರವಾಹದಲ್ಲಿ ನೀರ್ಗಲ್ಲಿನ ರಾಶಿ ಕುಸಿದಾಗ ಹದಿನಾರು ಮಂದಿ ನೇಪಾಳಿ ಕೆಲಸಗಾರರು ಒಮ್ಮೆಗೇ ಅಸುನೀಗಿದರು. ಪರರ ಕೀರ್ತಿಗಾಗಿ ದಾರಿ ಸಿದ್ಧಪಡಿಸುತ್ತಿದ್ದ ಅವರ ಹೆಸರುಗಳನ್ನು ಯಾವ ವಿಜಯಗಾಥೆಯೂ ಹಾಡುವುದಿಲ್ಲ.

ಹಾಗೆಂದು ಪರ್ವತಾರೋಹಣವೇ ತ್ಯಾಜ್ಯವೆಂದಲ್ಲ. ಆ ಕಣಿವೆಗಳ ಅನೇಕ ಕುಟುಂಬಗಳಿಗೆ ಅದು ಜೀವನೋಪಾಯ. ಹಿಲರಿ ತನಗೆ ಬಂದ ಕೀರ್ತಿಯನ್ನು ಬಳಸಿ ಶೆರ್ಪಾ ಜನರಿಗಾಗಿ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಕಟ್ಟಿಸಿದನು. ೧೯೫೪ರಲ್ಲಿ ಡಾರ್ಜಿಲಿಂಗಿನಲ್ಲಿ ಸ್ಥಾಪಿತವಾದ ಹಿಮಾಲಯ ಪರ್ವತಾರೋಹಣ ಸಂಸ್ಥೆಯಲ್ಲಿ ತೇನ್‌ಸಿಂಗ್ ಅನೇಕ ತರುಣ ತರುಣಿಯರಿಗೆ ಈ ವಿದ್ಯೆಯನ್ನು ಕಲಿಸಿದನು. ಧೈರ್ಯ, ಸಹನೆ, ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಸಂಗಾತಿಯ ಜೀವದ ಹೊಣೆ, ಇವುಗಳನ್ನು ಪರ್ವತವು ಕಲಿಸುವಷ್ಟು ಚೆನ್ನಾಗಿ ಕಲಿಸುವ ಗುರುಗಳು ಕಡಿಮೆ. ತೊಡೆದುಹಾಕಬೇಕಾದುದು 'ವಿಜಯ'ವೆಂಬ ಮಾತನ್ನು ಮತ್ತು ಅದರ ಹಿಂದಿರುವ ಅಹಂಕಾರವನ್ನು. ತುದಿಯೇ ಸರ್ವಸ್ವವೆಂದು ಬಗೆದವನು ಅನೇಕ ವೇಳೆ ಇಳಿಯುವ ಶಕ್ತಿಯನ್ನೂ ಏರುವುದಕ್ಕೇ ವ್ಯಯಮಾಡಿ ಪ್ರಾಣವನ್ನು ಕಳೆದುಕೊಂಡಿದ್ದಾನೆ. ಇಂತಿಷ್ಟು ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗಬೇಕೆಂಬ ನಿಯಮವನ್ನು ಅನುಭವಸ್ಥರು ಸುಮ್ಮನೆ ಮಾಡಿದವರಲ್ಲ.

ಎವರೆಸ್ಟಿನಲ್ಲಿ ಎವಾನ್ಸ್ ಜೀವರಕ್ಷಣೆಗಾಗಿ ಹಿಂದಿರುಗಿದನು; ಕಾಂಚನಜುಂಗಾದಲ್ಲಿ ಅವನ ಸಂಗಾತಿಗಳು ಕೊಟ್ಟ ಮಾತಿಗಾಗಿ ಹಿಂದಿರುಗಿದರು. ನಾಯಕನಾಗಿದ್ದರೂ ಅವನು ಆ ಕೊನೆಯ ಏರಿಗೆ ತಾನು ಹೋಗದೆ ಇತರರನ್ನು ಕಳುಹಿಸಿದನು. ಲೋಕದ ಲೆಕ್ಕದಲ್ಲಿ ಅವನು ಎರಡು ಮಹಾಶಿಖರಗಳ ತುದಿಯನ್ನು ಮುಟ್ಟದೆ ಹೋದವನು. ಆದರೆ ಶಕ್ತಿಯಿದ್ದಲ್ಲಿ ಏರುವುದನ್ನೂ ನಿಲ್ಲಬೇಕಾದಲ್ಲಿ ನಿಲ್ಲುವುದನ್ನೂ ಅರಿತವರ ಸಾಲಿನಲ್ಲಿ ಅವನ ಸ್ಥಾನ ಹಿರಿದಾದುದು. ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನವನ್ನು ೨೦೧೬ರಲ್ಲಿ ಯುನೆಸ್ಕೋ ಸಂಸ್ಥೆಯು ನಿಸರ್ಗ ಮತ್ತು ಸಂಸ್ಕೃತಿಗಳೆರಡರ ದೃಷ್ಟಿಯಿಂದಲೂ ವಿಶ್ವಪರಂಪರೆಯ ತಾಣವೆಂದು ಸಾರಿತು. ಅಲ್ಲಿನ ಅರಣ್ಯ, ಹಿಮನದಿ, ಪ್ರಾಣಿಪಕ್ಷಿಗಳ ಜೊತೆಗೆ ಆ ಜನರ ಶ್ರದ್ಧೆಗೂ ಅದರಿಂದ ಮನ್ನಣೆ ದೊರೆತಂತಾಯಿತು. ಆ ಶ್ರದ್ಧೆಗೆ ೧೯೫೫ರಲ್ಲಿಯೇ ಮನ್ನಣೆಯಿತ್ತವರು ಶಿಖರದ ಕೆಳಗೆ ನಿಂತ ಆ ನಾಲ್ವರು. ಪರ್ವತಗಳನ್ನು ಏರಹೊರಡುವ ತರುಣರು ಅವರ ಬಾಹುಬಲದೊಡನೆ ಅವರ ಸಂಯಮವನ್ನೂ ಕಲಿತರೆ, ಹಿಮಾಲಯದ ಗೌರವವೂ ಮಾನವನ ಗೌರವವೂ ಒಟ್ಟಿಗೆ ಉಳಿದಾವು.