ಅಕ್ಕನ ಪರೀಕ್ಷೆ, ಅಪ್ಪಯ್ಯನ ಪ್ರಶ್ನೆ

"ಅಮೆರಿಕದ ಸಂವಿಧಾನಕ್ಕೆ ಎಷ್ಟು ತಿದ್ದುಪಡಿ ಆಗಿದೆ?"

"ಇಪ್ಪತ್ತೇಳು."

"ಸೆನೆಟರ್ ಅವಧಿ ಎಷ್ಟು?"

"ಆರು ವರ್ಷ. ಸುಲಭದ್ದು ಕೇಳಬೇಡ ಮಾರಾಯ, ಹಿಂದಿನ ವಾರ ತಪ್ಪಿದ್ದನ್ನ ಕೇಳು."

ಶನಿವಾರ ಬೆಳಿಗ್ಗೆ ಆರೂವರೆ. ನ್ಯೂಜೆರ್ಸಿಯಲ್ಲಿರುವ ಅಕ್ಕನಿಗೆ ಆಗ ಶುಕ್ರವಾರ ರಾತ್ರಿ ಎಂಟು. ಅಡಿಕೆ ಕೊಯ್ಲಿನ ಹೊತ್ತಿಗೆ ನಾನು ಮ್ಯಾನೇಜರ್ ಹತ್ತಿರ ಕೇಳಿಕೊಂಡು ವರ್ಕ್ ಫ್ರಮ್ ಹೋಮ್ ಅಂತ ಹೊಸನಗರ ತಾಲ್ಲೂಕಿನ ನಮ್ಮ ಮನೆಗೆ ಬಂದಿದ್ದೆ. ನಗರದ ಕೋಟೆ ನಮ್ಮಲ್ಲಿಂದ ಬೈಕಲ್ಲಿ ಹತ್ತು ನಿಮಿಷ. ಜಗಲಿಯ ಕೊನೇ ಕಂಬದ ಹತ್ತಿರ ಮಾತ್ರ ವಿಡಿಯೋ ಕಾಲ್ ನಿಲ್ಲುತ್ತೆ. ಅದೇ ಕಂಬದ ಬುಡದಲ್ಲಿ ಅಪ್ಪಯ್ಯ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲೀತಾ ಕೂತಿರುತ್ತಾರೆ. ಹಾಗಾಗಿ ಅಕ್ಕನ ಪಾಠ ಅವರಿಗೂ ಕೇಳುತ್ತಿತ್ತು.

ಗ್ರೀನ್ ಕಾರ್ಡ್ ಸಿಕ್ಕು ಐದು ವರ್ಷ ಆಯಿತು, ಈಗ ಪೌರತ್ವಕ್ಕೆ ಅರ್ಜಿ ಹಾಕಿದ್ದಾಳೆ. ಅದಕ್ಕೊಂದು ಪರೀಕ್ಷೆ ಇದೆ ಅನ್ನೋದು ನಿಮಗೆ ಗೊತ್ತಿರಬಹುದು. ಈ ಅಂಕಣ ಓದುವವರಲ್ಲಿ ಅರ್ಧದಷ್ಟು ಮಂದಿಗೆ ಅಣ್ಣನೋ ಅತ್ತಿಗೆಯೋ ಅಲ್ಲಿದ್ದೇ ಇರ್ತಾರೆ. ಮುಂಚೆ 100 ಪ್ರಶ್ನೆಗಳ ಪಟ್ಟಿ ಇತ್ತು. ಅದರಲ್ಲಿ 10 ಕೇಳೋರು, 6 ಸರಿ ಹೇಳಿದರೆ ಪಾಸ್. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ ಪಟ್ಟಿ 128 ಪ್ರಶ್ನೆಗೆ ಏರಿದೆ. 20 ಕೇಳ್ತಾರೆ, 12 ಸರಿ ಬರಬೇಕು. ಬರೆಯೋದಲ್ಲ, ಅಧಿಕಾರಿ ಎದುರು ಕೂತು ಬಾಯಲ್ಲಿ ಹೇಳಬೇಕು. ಪ್ರಶ್ನೆ, ಉತ್ತರ ಎರಡನ್ನೂ ಸರ್ಕಾರವೇ ಮೊದಲೇ ಕೊಟ್ಟಿರುತ್ತೆ. ಸಿಇಟಿ ಬರೆದವರಿಗೆ ಇದು ನಗು ತರಿಸುವ ವಿಷಯ. ತಪ್ಪಿದ ಪ್ರಶ್ನೆ ಮತ್ತೆ ಮತ್ತೆ ಬರೋ ಹಾಗೆ ನಾನೊಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ನಾಲ್ಕು ವಾರದಲ್ಲಿ ಅಕ್ಕನಿಗೆ ನೂರಿಪ್ಪತ್ತು ಬಾಯಿಪಾಠ. ಕೇಳಿ ಕೇಳಿ ನನಗೂ.

ತೊಂದರೆ ಏನಂದರೆ ಪಟ್ಟಿಯಲ್ಲಿ ಉತ್ತರ ಇರುತ್ತೆ, ಕತೆ ಇರೋಲ್ಲ. ಅಮೆರಿಕದವರು ಸ್ವಾತಂತ್ರ್ಯ ಘೋಷಿಸಿದ್ದಕ್ಕೆ ಒಂದು ಕಾರಣ ಹೇಳಿ. ಬಾಸ್ಟನ್ ಟೀ ಪಾರ್ಟಿ ಅಂದರೆ ಸಾಕು, ಮಾರ್ಕ್ ಬಂತು. ಅವತ್ತು ಅಪ್ಪಯ್ಯ ಕೈ ನಿಲ್ಲಿಸಿ ಕೇಳಿದರು, "ಟೀ ಪಾರ್ಟಿ ಮಾಡಿದ್ರೆ ಯುದ್ಧ ಆಗ್ತದ?"

ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ಹುಡುಕಿ ಹೇಳಬೇಕಾಯಿತು. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಹಡಗಿನಿಂದ 342 ಪೆಟ್ಟಿಗೆ ಚಹಾ ನೀರಿಗೆ ಎಸೆದರು, ತೆರಿಗೆ ವಿರುದ್ಧ. ಆ ಚಹಾ ಯಾರದ್ದು? ಈಸ್ಟ್ ಇಂಡಿಯಾ ಕಂಪನಿಯದ್ದು. ಅಪ್ಪಯ್ಯ "ಓ, ನಮ್ಮ ಕಂಪನಿ" ಅಂದರು, ಪಕ್ಕದ ಊರಿನ ನೆಂಟರ ಹೆಸರು ಬಂದ ಹಾಗೆ. "ನಮ್ಮ ಕೋಟೆಗೂ ಅವರೇ ಬಂದಿದ್ದು."

ಅಲ್ಲಿಂದ ನನಗೆ ಚಟ ಹತ್ತಿತು. ಆಫೀಸ್ ಕೆಲಸದ ಮಧ್ಯೆ ಟ್ಯಾಬ್ ಮೇಲೆ ಟ್ಯಾಬ್. ನಮ್ಮ ನಗರ ಅಂದರೆ ಹಳೇ ಬಿದನೂರು, ಕೆಳದಿ ಅರಸರು ಇಕ್ಕೇರಿ ಬಿಟ್ಟ ಮೇಲಿನ ರಾಜಧಾನಿ. 1763ರಲ್ಲಿ ಹೈದರ್ ಅಲಿ ಅದನ್ನ ರಾಣಿ ವೀರಮ್ಮಾಜಿಯಿಂದ ಕಿತ್ತುಕೊಂಡು ಹೈದರ್‌ನಗರ ಅಂತ ಹೆಸರಿಟ್ಟ. ಆಮೇಲೆ ಹೈದರ್ ಉದುರಿ ನಗರ ಉಳೀತು. ಬಿದನೂರಿನ ಖಜಾನೆ ಕೈಗೆ ಬಂದಮೇಲೇ ಅವನ ನಸೀಬು ಖುಲಾಯಿಸಿದ್ದು. ಇಷ್ಟು ಶಾಲೆಯಲ್ಲೇ ಓದಿದ್ದೆ. ಓದದೇ ಇದ್ದದ್ದು ಮುಂದಿನದು. 1778ರಲ್ಲಿ ಫ್ರಾನ್ಸ್ ಅಮೆರಿಕದವರ ಪರ ಯುದ್ಧಕ್ಕೆ ಇಳಿಯಿತು. ಆ ಸಿಟ್ಟಿಗೆ ಬ್ರಿಟಿಷರು 1779ರಲ್ಲಿ ಕೇರಳ ಕರಾವಳಿಯ ಫ್ರೆಂಚ್ ಬಂದರು ಮಾಹೆ ಹಿಡಿದರು. ಹೈದರನಿಗೆ ಮದ್ದುಗುಂಡು ಬರುತ್ತಿದ್ದ ದಾರಿ ಅದು. 1780ರಲ್ಲಿ ಅವನು ಕರ್ನಾಟಿಕ್ ಮೇಲೆ ನುಗ್ಗಿದ. ನಾವು ಎರಡನೇ ಆಂಗ್ಲೋ-ಮೈಸೂರು ಯುದ್ಧ ಅಂತ ಎರಡು ಅಂಕಕ್ಕೆ ಬರೆದದ್ದೂ, ಅಕ್ಕ ಈಗ ರೆವಲ್ಯೂಷನರಿ ವಾರ್ ಅಂತ ಕಲೀತಿರೋದೂ ಒಂದೇ ಜಗಳದ ಎರಡು ಕಡೆ.

ಅಲ್ಲಿನವರಿಗೆ ಇದು ಆಗಲೇ ಗೊತ್ತಿತ್ತು. ಪೆನ್ಸಿಲ್ವೇನಿಯಾದವರು ಬ್ರಿಟಿಷ್ ಹಡಗುಗಳ ಕಾಟ ತಡೆಯೋಕೆ ಒಂದು ಯುದ್ಧನೌಕೆ ಸಜ್ಜು ಮಾಡಿದರು. ಅದರ ಹೆಸರು ‘ಹೈದರ್ ಅಲಿ’. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ ಕ್ಯಾಪ್ಟನ್ ಆ ಹಡಗಿನಲ್ಲಿ ಹೋಗಿ, ತನಗಿಂತ ದೊಡ್ಡದಾದ ‘ಜನರಲ್ ಮಂಕ್’ ಅನ್ನೋ ಬ್ರಿಟಿಷ್ ಹಡಗನ್ನ ಅರ್ಧ ಗಂಟೆ ಆಸುಪಾಸಿನಲ್ಲಿ ಸೋಲಿಸಿ ಹಿಡಿದು ತಂದ. ಫಿಲಿಪ್ ಫ್ರೆನೊ ಅನ್ನೋ ಕವಿ ಇದರ ಮೇಲೆ ಪದ್ಯ ಬರೆದ. ಕಾಳಗ ನಡೆದದ್ದು ಡೆಲವೇರ್ ಕೊಲ್ಲಿಯಲ್ಲಿ, ಕೇಪ್ ಮೇ ಹತ್ತಿರ.

"ಕೇಪ್ ಮೇ ಬೀಚಾ? ಹೋದ ಜುಲೈಯಲ್ಲಿ ಮಕ್ಕಳನ್ನ ಕರಕೊಂಡು ಹೋಗಿದ್ವಲ್ಲೋ!" ಅಕ್ಕ ಕಿರುಚಿದಳು.

ಏಳನೇ ಕ್ಲಾಸಿನಲ್ಲಿ ಟೂರ್ ಅಂತ ನಗರದ ಕೋಟೆ ಹತ್ತಿ, ಚಿತ್ರಾನ್ನ ತಿಂದು, ಕಲ್ಲಿನ ಮೇಲೆ ಹೆಸರು ಕೆತ್ತಿ ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದವಳು ಅವಳು.

ಇನ್ನೊಂದು. ಪಟ್ಟಿಯಲ್ಲಿ ಆ ಯುದ್ಧದ ಒಂದು ಮುಖ್ಯ ಘಟನೆ ಹೇಳಿ ಅಂತ ಪ್ರಶ್ನೆ ಇದೆ, ಯಾರ್ಕ್‌ಟೌನ್ ಅಂತ ಹೇಳಬಹುದು. 1781ರ ಅಕ್ಟೋಬರ್‌ನಲ್ಲಿ ಅಲ್ಲಿ ವಾಷಿಂಗ್ಟನ್‌ಗೆ ಶರಣಾದ ಬ್ರಿಟಿಷ್ ಸೇನೆಯ ದಂಡನಾಯಕ ಕಾರ್ನ್‌ವಾಲಿಸ್. ಹೌದು, ಅವನೇ. ಅಲ್ಲಿ ಸೋತವನು ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಬರೆಸಿಕೊಂಡ. ಒಂದು ಪ್ರಾಜೆಕ್ಟ್ ಮುಳುಗಿಸಿದವರನ್ನ ಇನ್ನೊಂದು ಲೊಕೇಶನ್‌ಗೆ ಪ್ರಮೋಷನ್ ಕೊಟ್ಟು ಕಳಿಸೋದು ನಮ್ಮ ಐಟಿಯವರು ಕಂಡುಹಿಡಿದದ್ದಲ್ಲ.

ಇಷ್ಟು ಹೇಳಿ ನಾನು ಸ್ವಲ್ಪ ಬೀಗಿದ್ದೆ. ಮುಂದಿನ ಶನಿವಾರ ಮಾರ್ಟಿನ್ ಲೂಥರ್ ಕಿಂಗ್ ಪ್ರಶ್ನೆ ಬಂತು. ಅಕ್ಕ ಪಟ್ಟಿಯ ಉತ್ತರ ಒಪ್ಪಿಸಿದಳು. ನಾಗರಿಕ ಹಕ್ಕುಗಳಿಗಾಗಿ ಹೋರಾಡಿದರು.

"ಅಲ್ಲಿ ನಮ್ಮ ಲೋಹಿಯಾನೂ ಅರೆಸ್ಟ್ ಆಗಿದ್ರು" ಅಂದರು ಅಪ್ಪಯ್ಯ, ಅಡಿಕೆ ಬುಟ್ಟಿಯಿಂದ ತಲೆ ಎತ್ತದೆ.

ನಾನು ನಂಬಲಿಲ್ಲ. ಅಲ್ಲೇ ಫೋನಲ್ಲಿ ನೋಡಿದೆ. 1964ರ ಮೇ ತಿಂಗಳು, ಮಿಸಿಸಿಪ್ಪಿಯ ಜಾಕ್ಸನ್. ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಹೋಟೆಲಿಗೆ ರಾಮಮನೋಹರ ಲೋಹಿಯಾ ಪಂಚೆ ಉಟ್ಟುಕೊಂಡೇ ಹೋದರು, ಬಿಡಲಿಲ್ಲ, ವಾಪಸ್ ಹೋಗಿ ಅಂದಾಗ ಹೋಗಲಿಲ್ಲ, ಪೊಲೀಸರು ಹಿಡಿದರು. ಆಮೇಲೆ ಅಮೆರಿಕದ ವಿದೇಶಾಂಗ ಇಲಾಖೆ ಕ್ಷಮೆ ಕೇಳಿತು. ಅದೇ ಜುಲೈಯಲ್ಲಿ ಅಲ್ಲಿ ನಾಗರಿಕ ಹಕ್ಕು ಕಾಯ್ದೆ ಬಂತು.

"ನಿಮಗೆ ಹೆಂಗೆ ಗೊತ್ತು?"

"ನಮ್ಮ ಕಡೆಯೋರಿಗೆ ಲೋಹಿಯಾ ಗೊತ್ತಿಲ್ದೆ ಇರ್ತದ? ಆಯ್ತು, ಅವಳಿಗೆ ಪರೀಕ್ಷೆ ಮಾಡ್ತೀಯಲ್ಲ, ನೀನು ಹೇಳು. 1952ರಲ್ಲಿ ಮೊದಲನೇ ಎಲೆಕ್ಷನ್. ಸಾಗರ, ಹೊಸನಗರದಿಂದ ಗೆದ್ದೋರು ಯಾರು?"

ನಾನು ಕಾಗೋಡು ತಿಮ್ಮಪ್ಪ ಅಂದೆ. ಅಪ್ಪಯ್ಯ ನಕ್ಕಿದ್ದು ನ್ಯೂಜೆರ್ಸಿಗೂ ಕೇಳಿಸಿತು. "ಅವರು ಆಗಿನ್ನೂ ಹುಡುಗ ಮಾರಾಯ."

ಅಮ್ಮ ಅಡುಗೆಮನೆಯಿಂದಲೇ ಉತ್ತರ ಎಸೆದರು. "ಗೋಪಾಲಗೌಡ್ರು. ನಮ್ಮ ಆರಗದೋರು." ಅಮ್ಮನ ತವರು ತೀರ್ಥಹಳ್ಳಿ ತಾಲ್ಲೂಕು, ಶಾಂತವೇರಿ ಗೋಪಾಲಗೌಡರ ಹುಟ್ಟೂರು ಆರಗಕ್ಕೆ ಹತ್ತಿರ. ಆ ಒಂದು ಹೆಸರಿಗೆ ಅಮ್ಮನ ದನಿಯಲ್ಲಿ ಬರುವ ಜಂಬವೇ ಬೇರೆ.

"ಎರಡನೇದು. ಕಾಗೋಡು ಸತ್ಯಾಗ್ರಹ ಎಂತಕ್ಕೆ ಆಯ್ತು?"

ಗೇಣಿದಾರರ ಹೋರಾಟ ಅಂದೆ. ಪಟ್ಟಿಯ ಉತ್ತರದ ಥರ. ಎಂತಕ್ಕೆ ಅಂದರೆ ಮತ್ತೆ ತೊದಲಿದೆ. ಅವರೇ ಹೇಳಿದರು. ಗೇಣಿ ಭತ್ತ ಅಳೆಯೋ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನೋದೇ ತಕರಾರು. ಒಡೆಯರ ಕೊಳಗ ದೊಡ್ಡದು, ಕೊಳಗಕ್ಕೆ ಹೆಚ್ಚು ಸೇರು ಹೋಗುತ್ತಿತ್ತು. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಒಡೆಯರ ಗದ್ದೆಗೆ ಇಳಿದು ಜೈಲಿಗೆ ಹೋದರು. ಎಚ್. ಗಣಪತಿಯಪ್ಪ ಅವರನ್ನ ಸಂಘಟಿಸಿದವರು, ಗೋಪಾಲಗೌಡರೂ ಸಮಾಜವಾದಿ ಗೆಳೆಯರೂ ಜೊತೆಗೆ ನಿಂತರು. ಜೂನ್‌ನಲ್ಲಿ ಲೋಹಿಯಾ ಬಂದರು, ಸಾಗರದಲ್ಲಿ ಅವರ ಬಂಧನವೂ ಆಯಿತು. ಅದೇ ವರ್ಷ ಅವರು ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ ಅಲ್ಲಿನ ಕಪ್ಪು ಜನರಿಗೆ ಕಾಯ್ದೆ ಮುರಿದು ಜೈಲಿಗೆ ಹೋಗುವ ದಾರಿಯ ಬಗ್ಗೆ ಮಾತಾಡಿದರು. ಬಾಯಿಪಾಠದ ಆ ಒಂದು ಸಾಲು ಉತ್ತರದ ಹಿಂದೆ, ಒಂದು ಕೊನೆಯಲ್ಲಿ, ಸಾಗರದ ಕೊಳಗ ಇತ್ತು ಅಂತ ನನಗೆ ಮೂವತ್ತು ವರ್ಷವಾದರೂ ಗೊತ್ತಿರಲಿಲ್ಲ.

"ಮೂರನೇದು. ಈ ಗದ್ದೆ, ಮೇಲಿನ ತೋಟ, 74ಕ್ಕಿಂತ ಮುಂಚೆ ಯಾರದ್ದು?"

ನಮ್ಮದು ಅಂದುಕೊಂಡಿದ್ದೆ. ಯಾವಾಗಲೂ ನಮ್ಮದು ಅಂತ.

ಅಲ್ಲ. ಅಜ್ಜ ಗೇಣಿಗೆ ಮಾಡುತ್ತಿದ್ದ ಭೂಮಿ. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಅಜ್ಜ ಡಿಕ್ಲರೇಷನ್ ಹಾಕಿದರು. ಒಡೆಯರ ಮನೆಗೂ ನಮ್ಮ ಮನೆಗೂ ಹೋಗಿಬರುವುದು ನಿಂತುಹೋಯಿತು. ಮದುವೆ ಕಾಗದವನ್ನೂ ಕೊಡುತ್ತಿರಲಿಲ್ಲವಂತೆ. ಭೂ ನ್ಯಾಯಮಂಡಳಿಗೆ ಅಂತ ಅಜ್ಜ ಬುತ್ತಿ ಕಟ್ಟಿಕೊಂಡು ಹೊಸನಗರಕ್ಕೆ ಎಷ್ಟು ಸಲ ಹೋದರೋ ಲೆಕ್ಕ ಇಲ್ಲ.

ಅಕ್ಕ ಆ ಕಡೆಯಿಂದ ಮೆಲ್ಲಗೆ ಕೇಳಿದಳು, "ಇದನ್ನ ನಮಗೆ ಯಾಕೆ ಹೇಳಲೇ ಇಲ್ಲ ಅಪ್ಪಯ್ಯ?"

"ಪರೀಕ್ಷೆಗೆ ಬರೋದಲ್ಲ ಅಂತ."

ತಮಾಷೆಗೆ ಹೇಳಿದ್ದಲ್ಲ. ನಾವಿಬ್ಬರೂ ಓದುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಸಿಇಟಿಗೆ ಬಾರದ ಮಾತು ಯಾವುದೂ ಮಾತಾಗಿರಲಿಲ್ಲ.

ನಾನಂತೂ ಪಾಸು ಮಾಡದೆಯೇ ಈ ದೇಶದ ಪ್ರಜೆ, ಹುಟ್ಟಿದ್ದಕ್ಕೆ. ಅಕ್ಕನೂ ಹಾಗೇ ಇದ್ದಳು. ಆದರೆ ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಅಲ್ಲಿ ಪ್ರಮಾಣ ತೆಗೆದುಕೊಂಡ ದಿನವೇ ಇಲ್ಲಿಯದು ಹೋಗುತ್ತೆ, ಪಾಸ್‌ಪೋರ್ಟ್ ವಾಪಸ್ ಒಪ್ಪಿಸಬೇಕು. ಆಮೇಲೆ ಓಸಿಐ ಕಾರ್ಡು. ಅದರಲ್ಲಿ ಊರಿಗೆ ಎಷ್ಟು ಸಲ ಬೇಕಾದರೂ ಬರಬಹುದು. ಓಟು ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ತಂದೆತಾಯಿಯಿಂದ ವಾರಸುದಾರಿಕೆಯಲ್ಲಿ ಬಂದರೆ ಇಟ್ಟುಕೊಳ್ಳಬಹುದು. ಅಪ್ಪಯ್ಯ ಇದನ್ನ ನನ್ನ ಹತ್ತಿರ ಮೂರು ಸಲ ಬೇರೆ ಬೇರೆ ಥರ ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಅಕ್ಕನ ಹತ್ತಿರ ಒಂದು ಸಲವೂ ಕೇಳಲಿಲ್ಲ. ಅವಳ ಕಾರಣಗಳು ಅವರಿಗೆ ಗೊತ್ತಿದ್ದವು. ಅಮ್ಮನ ಆಪರೇಷನ್ ಆದ ವರ್ಷ ವೀಸಾ ಗೊಂದಲದಲ್ಲಿ ಅವಳು ಬರಲಾಗದೆ ಫೋನಲ್ಲೇ ಅತ್ತಿದ್ದನ್ನ ನೋಡಿದವರು ಅವರು.

ಯುಗಾದಿ ಕಳೆದ ವಾರ ಅವಳ ಪರೀಕ್ಷೆ ಆಯಿತು. ಹದಿಮೂರು ಕೇಳಿದರಂತೆ, ಒಂದು ತಪ್ಪು. 12 ಸರಿಯಾದ ಕೂಡಲೇ ಅಧಿಕಾರಿ ನಿಲ್ಲಿಸುತ್ತಾರೆ. ಯುದ್ಧದ ಘಟನೆ ಹೇಳಿ ಅಂದಾಗ ಬಾಯಿಗೆ ‘ಹೈದರ್ ಅಲಿ’ ಬಂದಿತ್ತಂತೆ, ನುಂಗಿಕೊಂಡು ಯಾರ್ಕ್‌ಟೌನ್ ಅಂದಳಂತೆ. ಪ್ರಮಾಣದ ದಿನ ಮುಂದಿನ ತಿಂಗಳು.

ಅವತ್ತು ಸಂಜೆ ಅಪ್ಪಯ್ಯ ಅಟ್ಟದ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ಇಳಿಸಿದರು. ಒಳಗೆ ನ್ಯಾಯಮಂಡಳಿಯ ಕಾಗದ, ಮಡಿಕೆಯಲ್ಲಿ ಹರಿಯುವ ಹಂತಕ್ಕೆ ಬಂದದ್ದು. "ಫೋಟೋ ತೆಗೆದು ಅವಳಿಗೆ ಕಳಿಸು" ಅಂದರು. ಕಳಿಸಿದೆ. ಅಲ್ಲಿ ಬೆಳಗಿನ ಹೊತ್ತು, ಅವಳು ತಕ್ಷಣ ನೋಡಿದಳು.

"ಈ ಹೆಬ್ಬೆಟ್ಟು ಅಜ್ಜಂದಾ?"

ಓದಿ ಹೇಳಿದೆ. ಅಪ್ಪಯ್ಯ ಹೌದು ಅಂದು, ಕನ್ನಡಕ ಹಾಕಿಕೊಂಡು ಕಾಗದ ಹುಷಾರಾಗಿ ತಿರುಗಿಸಿದರು. "ಹಿಂದುಗಡೆ ಸರ್ವೆ ನಂಬರ್ ಇದೆ. ಅದರದ್ದೂ ಒಂದು ತೆಗಿ."