ಬೆಳಕು ನಮ್ಮದು, ಕಣ್ಣು ಎದುರಿನವರದು

2004ರಲ್ಲಿ ಉದ್ಯೋಗನಿಮಿತ್ತ ಇಂಗ್ಲೆಂಡಿನಲ್ಲಿದ್ದಾಗ, ಜಪಾನಿನಿಂದ ಆಮದಾದ ಹಳೆಯ ಕಾರೊಂದನ್ನು ಕೊಂಡಿದ್ದೆ. ಎರಡೂ ದೇಶಗಳಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲೇ ಚಲಿಸುತ್ತವೆ. ಸ್ಟಿಯರಿಂಗ್ ಬಲಗಡೆಗಿತ್ತು, ಹೆಡ್‌ಲೈಟು ಕೂಡ ಎಡಬದಿಯ ಸಂಚಾರಕ್ಕೆ ಹೊಂದುವಂಥದೇ. ಇನ್ನೇನು ಬೇಕು ಎಂದುಕೊಂಡಿದ್ದೆ. ಆದರೆ ನೋಂದಣಿಗೆ ಮುನ್ನ ಕಾರನ್ನು ಸಿದ್ಧಪಡಿಸುತ್ತಿದ್ದ ವೃದ್ಧ ಮೆಕ್ಯಾನಿಕ್ ಅದರ ಹಿಂಬದಿಯನ್ನು ತೋರಿಸಿದರು. ಮಂಜಿನಲ್ಲಿ ಉರಿಸುವ ಕೆಂಪು ದೀಪ ಅಲ್ಲಿರಲಿಲ್ಲ. 1980ರ ಏಪ್ರಿಲ್ ನಂತರ ಬಳಕೆಗೆ ಬಂದ ಕಾರುಗಳಿಗೆ ಬ್ರಿಟನ್ನಿನಲ್ಲಿ ಅದು ಕಡ್ಡಾಯ, ಜಪಾನಿನಲ್ಲಿ ಅಲ್ಲ. ಅನಗತ್ಯ ಖರ್ಚೆಂದು ನಾನು ಗೊಣಗಿದಾಗ ಅವರು ಹೇಳಿದ್ದಿಷ್ಟೆ: ‘ಇದು ನಿಮಗಾಗಿ ಅಲ್ಲ, ನಿಮ್ಮ ಹಿಂದೆ ಬರುವವರಿಗಾಗಿ.’

ಪಕ್ಕದಲ್ಲೇ ಅಮೆರಿಕದಿಂದ ಬಂದ ಕಾರೊಂದು ನಿಂತಿತ್ತು. ಅದಕ್ಕೆ ಹೆಡ್‌ಲೈಟುಗಳನ್ನೇ ಬದಲಿಸಬೇಕಾಗಿತ್ತು. ಡಿಮ್ ಮಾಡಿದ ಬೆಳಕು ಎರಡೂ ಕಡೆ ಸಮನಾಗಿ ಬೀಳುವುದಿಲ್ಲ. ಪಾದಚಾರಿಗಳೂ ಫಲಕಗಳೂ ಕಾಣಲೆಂದು ರಸ್ತೆಯಂಚಿನ ಕಡೆಗೆ ಹೆಚ್ಚು ದೂರ ಚಾಚುತ್ತದೆ, ಎದುರು ವಾಹನ ಬರುವ ಕಡೆಗೆ ತಗ್ಗುತ್ತದೆ. ಬಲಬದಿಯ ಸಂಚಾರಕ್ಕಾಗಿ ರೂಪಿಸಿದ ದೀಪವನ್ನು ಎಡಬದಿಯ ದೇಶದಲ್ಲಿ ಹಚ್ಚಿದರೆ ಬೆಳಕು ನೇರವಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅಮೆರಿಕದಲ್ಲಿ ಹಿಂಬದಿಯ ಇಂಡಿಕೇಟರ್ ಕೆಂಪಾಗಿರಬಹುದು. ಬ್ರಿಟನ್ನಿನಲ್ಲಿ ಕಿತ್ತಳೆ ಬಣ್ಣದ್ದೇ ಆಗಬೇಕು. ಅದನ್ನೂ ಬದಲಿಸಿದರು.

ನಮ್ಮ ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಆಮದಾಗುವ ಕಾರಿನ ಹೆಡ್‌ಲೈಟು ಎಡಬದಿಯ ಸಂಚಾರಕ್ಕೆ ತಕ್ಕಂತಿರಬೇಕೆಂಬ ಷರತ್ತು ನಮ್ಮ ಆಮದು ನೀತಿಯಲ್ಲೇ ಇದೆ. ಹೆಡ್‌ಲೈಟು ಯಾರ ಕಣ್ಣನ್ನೂ ಕೋರೈಸಬಾರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮ ಮೀಟರುಗಳ ಲೆಕ್ಕದಲ್ಲೇ ವಿಧಿಸಿದೆ. ತಯಾರಕರ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೆ ಆಚರಣೆ ತಲೆಕೆಳಗಾಗಿದೆ. ಅಲ್ಲಿ ಹೊರಗಿನಿಂದ ಬಂದ ಕಾರನ್ನು ಕಾನೂನಿಗೆ ಒಗ್ಗಿಸಲು ದೀಪ ಬದಲಿಸುತ್ತಾರೆ. ಇಲ್ಲಿ ಕಾರ್ಖಾನೆಯಿಂದ ಕಾನೂನುಬದ್ಧವಾಗಿಯೇ ಬಂದ ಕಾರಿಗೆ ಪ್ರಖರ ಎಲ್‌ಇಡಿ ಬಲ್ಬು ಸಿಕ್ಕಿಸಿ ಅದನ್ನು ಕಾನೂನುಬಾಹಿರವಾಗಿಸುತ್ತೇವೆ. ಹ್ಯಾಲೊಜೆನ್ ದೀಪದ ಪ್ರತಿಫಲಕವನ್ನು ಒಳಗಿನ ತಂತಿಯ ಸ್ಥಾನವನ್ನು ಕರಾರುವಾಕ್ಕಾಗಿ ಲೆಕ್ಕಹಾಕಿ ರೂಪಿಸಿರುತ್ತಾರೆ. ಅಲ್ಲಿ ಬೇರೊಂದು ಬಗೆಯ ಬಲ್ಬು ಕೂತರೆ ಬೆಳಕು ಮೇಲಕ್ಕೂ ಪಕ್ಕಕ್ಕೂ ಚೆದುರುತ್ತದೆ.

ಕಳೆದ ವರ್ಷ ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವಾಗ ರಾತ್ರಿ ಎದುರಾದ ಕಾರಿನ ಬೆಳಕಿಗೆ ಎರಡು ಮೂರು ಸೆಕೆಂಡು ನನಗೇನೂ ಕಾಣಲಿಲ್ಲ. ದೃಷ್ಟಿ ಮರಳಿದಾಗ ಕೊಡೆ ಹಿಡಿದ ಮನುಷ್ಯನೊಬ್ಬ ನನ್ನ ಬಂಪರಿನಿಂದ ಕೈಯಳತೆಯಲ್ಲಿದ್ದ. ಬ್ರೇಕು ಹಿಡಿಯಿತು, ಅವನು ಬದುಕಿದ, ನಾನೂ ಉಳಿದೆ. ಎದುರಿನ ಚಾಲಕನನ್ನು ಶಪಿಸುತ್ತಲೇ ಮನೆ ತಲುಪಿದೆ. ಹೇಳಲು ನಾಚಿಕೆಯಾಗುತ್ತದೆ, ನನ್ನ ಕಾರಿನಲ್ಲಿದ್ದುದೂ ಅಂಥವೇ ಬಲ್ಬುಗಳು. ವಯಸ್ಸಾದ ಕಣ್ಣಿಗೆ ಅನುಕೂಲವೆಂದು ನಾನೇ ಹಾಕಿಸಿಕೊಂಡಿದ್ದೆ. ಆ ಕೊಡೆಯವನನ್ನು ನನ್ನ ಬೆಳಕಿನ ದೆಸೆಯಿಂದ ಎದುರಿನವನೂ ಕಾಣದೆ ಹೋಗಿರಬಹುದು. ಮರುದಿನವೇ ಹಳೆಯ ಬಲ್ಬುಗಳನ್ನು ಹಾಕಿಸಿದೆ.

ನಮ್ಮ ರಸ್ತೆಗಳಲ್ಲಿ ಬೀದಿದೀಪವಿಲ್ಲ, ಗುಂಡಿಗಳಿವೆ, ಹೆಚ್ಚು ಬೆಳಕಿಲ್ಲದೆ ಓಡಿಸುವುದು ಹೇಗೆ ಎಂಬ ವಾದ ಸುಳ್ಳಲ್ಲ. ಆದರೆ ಕಣ್ಣು ಕತ್ತಲಿಟ್ಟ ಎದುರಿನ ಚಾಲಕ ಬಂದು ಗುದ್ದುವುದು ನಮಗೇ. ಗುಂಡಿ ಮುಚ್ಚುವುದು ಸರ್ಕಾರದ ಹೊಣೆ. ಅದರ ದಂಡವನ್ನು ಎದುರಿನವನ ಕಣ್ಣಿನಿಂದ ವಸೂಲು ಮಾಡುವುದು ನ್ಯಾಯವಲ್ಲ.

2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ದೀಪಗಳ ವಿರುದ್ಧ ಕಾರ್ಯಾಚರಣೆ ಆರಂಭಿಸಿದ್ದು ಸ್ವಾಗತಾರ್ಹವೇ. ಆದರೆ ರಸ್ತೆಬದಿಯ ದಂಡವೊಂದೇ ಸಾಲದು. ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿವರ್ಷ ತಪಾಸಣೆಯಿದೆ. ಹೆಡ್‌ಲೈಟಿನ ಕೋನವನ್ನೂ ಉಪಕರಣದಿಂದ ಅಳೆಯುತ್ತಾರೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ನಡೆಯುತ್ತದೆ. ಅಲ್ಲಿಯವರೆಗೆ ದೀಪವನ್ನು ನಿಯತವಾಗಿ ಪರೀಕ್ಷಿಸುವವರಿಲ್ಲ. ಹೊಗೆ ತಪಾಸಣೆಗಂತೂ ಎಲ್ಲರೂ ಹೋಗಲೇಬೇಕು. ಅಲ್ಲಿಯೇ ಹೆಡ್‌ಲೈಟನ್ನೂ ಪರೀಕ್ಷಿಸಲು ಅಡ್ಡಿಯೇನು? ಇಂಥ ಬಲ್ಬುಗಳನ್ನು ರಾಜಾರೋಷವಾಗಿ ಮಾರುವ, ಅಳವಡಿಸುವ ಅಂಗಡಿಗಳನ್ನು ಬಿಟ್ಟು ಕೊಂಡವರನ್ನಷ್ಟೇ ಹಿಡಿಯುವುದರಲ್ಲಿ ಅರ್ಥವೇನು?

ಅದಾಗುವವರೆಗೆ ನಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಇಂದು ರಾತ್ರಿ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ದೀಪವನ್ನು ಡಿಮ್ ಮಾಡಿ. ಎಂಟು ಮೀಟರು ಮುಂದೆ ನಡೆದು, ಕಾರಿನ ಬಲ ಅಂಚಿನಿಂದ ಅರ್ಧ ಮೀಟರು ಆಚೆ ನಿಂತು, ಕಣ್ಣು ನೆಲದಿಂದ ಒಂದೂವರೆ ಮೀಟರು ಎತ್ತರಕ್ಕೆ ಬರುವಂತೆ ತುಸು ಬಾಗಿ ನೋಡಿ. ನಿಯಮ ಹೇಳುವ ಜಾಗ ಅದೇ. ಅಲ್ಲಿ ನಿಮ್ಮ ಕಣ್ಣು ಮುಚ್ಚಿಕೊಂಡರೆ ಬಲ್ಬು ಬದಲಿಸಿ.